ಗಿರಿಜಕ್ಕನ ಕಾಫಿಯ ವಿಳಾಸ

ಕಾಫಿ ಹುರಿಯುವ ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಆರು ವರ್ಷದ ಹಿಂದೆ ನಾನೊಂದು ವಾಕ್ಯ ಬರೆದಿದ್ದೆ. ಓದಿದವರಿಗೆ ತುಂಬ ಇಷ್ಟವಾಗಿತ್ತು. ಕಳೆದ ತಿಂಗಳು ಕಳಸಕ್ಕೆ ಮದುವೆಗೆ ಹೋಗುವಾಗ ಗೆಳೆಯರು ದಾರಿಯಲ್ಲೊಂದು ಕೆಫೆಯ ಮುಂದೆ ಕಾರು ನಿಲ್ಲಿಸಿದರು. ಬಾಗಿಲಲ್ಲೇ ಆ ವಾಸನೆ ಮುಖಕ್ಕೆ ಬಡಿಯಿತು. ಗಾಜಿನ ಪುಟ್ಟ ಯಂತ್ರವೊಂದರಲ್ಲಿ ಒಂದು ಹಿಡಿ ಬೀಜ ತಿರುಗುತ್ತಿತ್ತು. ಅದರ ಕೆಲಸ ಬೀಜ ಹುರಿಯುವುದಲ್ಲ, ದಾರಿಯಲ್ಲಿ ಹೋಗುವವರ ಮೂಗು ಹಿಡಿದು ಒಳಗೆ ಎಳೆಯುವುದು. ವಾಸನೆಗೆ ಸುಳ್ಳು ಹೇಳಲು ಚೆನ್ನಾಗಿಯೇ ಬರುತ್ತದೆ.

ಒಳಗೆ ಮೇಜಿನ ಮೇಲೆ ಗಾಜಿನ ಭರಣಿ. ಅದರಲ್ಲಿ ಮಾಸಲು ಬಿಳಿಯ ಸಿಪ್ಪೆ ಇನ್ನೂ ಬಿಡದ ಕಾಫಿ ಬೀಜ. ಕುತ್ತಿಗೆಗೆ ಸೆಣಬಿನ ದಾರದಲ್ಲಿ ಕಟ್ಟಿದ ಒಂದು ಚೀಟಿ: ‘ಬಾವಲಿಗೆ ಕಣ್ಣು ಕಾಣದು ಅನ್ನುತ್ತಾರೆ. ಆದರೆ ಯಾವ ಹಣ್ಣು ಮಾಗಿದೆ ಎಂದು ಅದಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ.’ ಕೆಳಗೆ ಯಾರ ಹೆಸರೂ ಇಲ್ಲ. ಇರಬೇಕಾಗಿದ್ದರೆ ಚೆನ್ನಮ್ಮ ಎಂಬ ತೋಟದ ಆಳಿನ ಹೆಸರಿರಬೇಕಿತ್ತು, ಯಾಕೆಂದರೆ ಮಾತು ಅವಳದು. ಅಥವಾ ನನ್ನ ಹೆಸರಿರಬೇಕಿತ್ತು, ಯಾಕೆಂದರೆ ಅವಳ ಮಾತನ್ನು ಉಜ್ಜಿ ತೊಳೆದು ಇಸ್ತ್ರಿ ಮಾಡಿ ಮಾರಿದವನು ನಾನು.

ಗೆಳೆಯರು ಆ ಭರಣಿಯ ಕಾಫಿಯನ್ನೇ ತರಿಸಿದರು, ಜೊತೆಗೆ ಅಕ್ಕಿರೊಟ್ಟಿ. ಕಾಫಿ ಸುಟ್ಟಿತ್ತು, ತೆಳ್ಳಗಿತ್ತು. ರೊಟ್ಟಿ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. ಹಿಟ್ಟು ಉಕ್ಕರಿಸಿ, ಬಾಳೆಲೆಯ ಮೇಲೆ ತಟ್ಟಿ, ಕೊನೆಯಲ್ಲಿ ಕೆಂಡದ ಮೇಲೆ ಉಬ್ಬಿಸಿದ ರೊಟ್ಟಿ. ಅಂಚಿನಲ್ಲಿ ಮೂರು ಬೆರಳೊತ್ತಿದ ಗುರುತು. ಆ ಗುರುತು ನನಗೆ ಗೊತ್ತು ಅನ್ನಿಸಿತು. ಮರುಕ್ಷಣವೇ ನನ್ನ ಓದು ಅಡ್ಡ ಬಂತು: ಮೂರು ಬೆರಳು ಎಲ್ಲರಿಗೂ ಇರುತ್ತವೆ, ಬೇಕಾದ್ದನ್ನು ನೆನಪು ಹುಡುಕಿಕೊಳ್ಳುತ್ತದೆ.

ಈ ಅನುಮಾನ ನನ್ನ ಕಸುಬು. ವಿಶ್ವವಿದ್ಯಾಲಯದಲ್ಲಿ ನಾನು ಐದು ವರ್ಷ ಕೂತು ಮುಗಿಸದೆ ಬಿಟ್ಟ ಸಂಶೋಧನೆಯ ವಿಷಯವೇ ಅದು. ಜನ ಹೇಳುವ ನೆನಪನ್ನು ಚರಿತ್ರೆ ಎಷ್ಟು ನಂಬಬಹುದು? ನಂಬಬಾರದು ಎಂಬ ಕಡೆ ನನ್ನ ಒಲವಿತ್ತು. ಮಾರ್ಗದರ್ಶಕರ ಜೊತೆ ಜಗಳವಾಡಿ, ಅರ್ಧ ಪ್ರಬಂಧ ಹಿಡಿದುಕೊಂಡು ಊರಿಗೆ ಬಂದು, ಚಿಕ್ಕಮಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದೆ. ಬೆಂಗಳೂರಿನ ಒಂದು ಪ್ರವಾಸಿ ಜಾಲತಾಣದವರು ಕೆಲಸ ಕೊಟ್ಟರು. ಕಾಫಿ ಕುಯ್ಲು ಶುರುವಾದಾಗಿನಿಂದ ಮಳೆ ಹಿಡಿಯುವವರೆಗೆ ಈ ಗುಡ್ಡಗಳಲ್ಲಿ ಅಲೆದು, ಇಲ್ಲಿಯ ಜನ ನಿಜವಾಗಿ ಎಲ್ಲಿ ತಿನ್ನುತ್ತಾರೆ, ಎಲ್ಲಿ ಕುಡಿಯುತ್ತಾರೆ ಎಂದು ಪತ್ತೆ ಮಾಡಿ ಬರೆಯಬೇಕು. ‘ಪ್ರವಾಸಿಗಳಿಗೆ ಗೊತ್ತಿಲ್ಲದ ಜಾಗ ಬೇಕು’ ಅಂದರು ಸಂಪಾದಕಿ. ಪ್ರವಾಸಿಗಳಿಗೆ ಹೇಳುವುದಕ್ಕೇ ಬೇಕು ಎಂಬುದು ನನಗೆ ಆಗ ತಮಾಷೆಯಾಗಿ ಕೇಳಲಿಲ್ಲ.

ಮೊದಲ ತಿಂಗಳು ಪೇಟೆಯಲ್ಲೇ ತಿಂದೆ. ವಾರಾಂತ್ಯದಲ್ಲಿ ಬೆಟ್ಟ ನೋಡಲು ಬಂದವರ ಕಾರುಗಳ ಸಾಲು, ಪ್ರತಿ ಎರಡನೇ ಕಟ್ಟಡದ ಮೇಲೆ ‘ಮಲೆನಾಡ ಊಟ’ ಎಂಬ ಬೋರ್ಡು. ಒಳಗೆ ಹೋದರೆ ಎಲ್ಲ ಕಡೆಯೂ ಒಂದೇ ಕೆಂಪು ಗ್ರೇವಿ. ಕಡುಬು ಕೇಳಿದರೆ ರಬ್ಬರಿನಂಥ ಉಂಡೆ. ಕಾಫಿಯಂತೂ ಚಿಕೋರಿಯ ಕಷಾಯ. ಸುತ್ತ ಕಣ್ಣು ಹಾಯಿಸಿದಷ್ಟೂ ಕಾಫಿ ಗಿಡ, ಲೋಟದಲ್ಲಿ ಮಾತ್ರ ಕಾಫಿ ಇಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ. ಒಳ್ಳೆಯ ಬೀಜ ಮೂಟೆಯಾಗಿ ಊರು ಬಿಡುತ್ತದೆ, ಒಡಕು, ಕರಿಕು ಉಳಿಯುತ್ತದೆ, ಉಳಿದದ್ದನ್ನು ನಾವು ಕುಡಿಯುತ್ತೇವೆ. ವಸ್ತಾರೆಯ ಕಡೆ ಒಂದು ಮನೆಯಲ್ಲಿ ಒಳ್ಳೆಯ ಕಾಫಿ ಸಿಕ್ಕಿತು, ಆದರೆ ಮನೆಯನ್ನು ಹೋಟೆಲ್ ಪಟ್ಟಿಗೆ ಸೇರಿಸುವುದು ಹೇಗೆ?

ಹಮೀದ್ ಸಿಕ್ಕಿದ್ದು ಕೊಟ್ಟಿಗೆಹಾರದಲ್ಲಿ. ಬೆಳಿಗ್ಗೆ ಆಳುಗಳನ್ನು ತೋಟಗಳಿಗೆ ಬಿಟ್ಟು, ಸಂಜೆ ವಾಪಸು ತರುವ ಜೀಪು ಅವನದು. ನಡುವಿನ ಹೊತ್ತಿನಲ್ಲಿ ನನ್ನನ್ನು ಸುತ್ತಿಸಲು ಒಪ್ಪಿದ. ನೀವೆಲ್ಲ ಎಲ್ಲಿ ತಿಂತೀರಿ ಎಂದು ಕೇಳಿದರೆ ಮೊದಲು ನಕ್ಕ.

“ನಾವು ಹಸಿವಾದಲ್ಲಿ ತಿಂತೇವೆ ಮಾರಾಯ್ರೆ. ಅದಕ್ಕೆಲ್ಲ ಯಾರು ಜಾಗ ಹುಡುಕ್ತಾರೆ?”

ಸಂಸೆಯವರೆಗೂ ಹೋಗಿ ಬಂದೆವು. ಐದಾರು ಜಾಗ ತೋರಿಸಿದ, ಒಂದೂ ನನ್ನ ಮನಸ್ಸಿಗೆ ಬರಲಿಲ್ಲ. ಕೊನೆಗೆ ನನ್ನ ಗೊಣಗಾಟ ಕೇಳಲಾಗದೆಯೋ ಏನೋ, ಬಾಳೂರಿನಾಚೆ ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿದ. ಹೆಂಚಿನ ಮಾಡು, ಎರಡು ಬೆಂಚು, ಬೋರ್ಡಿಲ್ಲ. ಅದು ಗಿರಿಜಕ್ಕನ ಹೋಟೆಲು. ಗಂಡ ಪಕ್ಕದ ತೋಟದಲ್ಲಿ ಮೇಸ್ತ್ರಿಯಾಗಿದ್ದವರು, ಅವರು ತೀರಿಕೊಂಡ ಮೇಲೆ ಈಕೆ ಒಲೆ ಹಚ್ಚಿ ಕೂತಿದ್ದರು.

ಬೆಳಗಿನ ಮಂಜು ಇನ್ನೂ ರಸ್ತೆಯ ಮೇಲಿತ್ತು. ಅಂಚಿಗೆ ಮೂರು ಬೆರಳೊತ್ತಿದ ಅಕ್ಕಿರೊಟ್ಟಿಗೆ ಸೂಜಿಮೆಣಸಿನ ಚಟ್ನಿ. ಆಮೇಲೆ ಬಟ್ಟೆಯಲ್ಲಿ ಸೋಸಿದ ಬೆಲ್ಲದ ಕಾಫಿ ಬಂತು. ಅದರ ರುಚಿಯನ್ನು ಆಗ ನಾನು ಮುನ್ನೂರು ಪದಗಳಲ್ಲಿ ಬಣ್ಣಿಸಿದ್ದೆ, ಈಗ ಆ ಪದಗಳಷ್ಟೇ ನೆನಪಿವೆ. ಒಂದು ಗುಟುಕು ಕುಡಿದವನೇ ಇನ್ನೊಂದು ಲೋಟ ಕೇಳಿದೆ ಎಂಬುದು ಮಾತ್ರ ಖಾತ್ರಿ, ಯಾಕೆಂದರೆ ಹಮೀದ್ ಅದನ್ನು ಆಮೇಲೆ ಎಷ್ಟೋ ಸಲ ಆಡಿಕೊಂಡ.

ಆ ಚಳಿಗಾಲವಿಡೀ ನಾನು ಅಲ್ಲಿಗೆ ಹೋಗುತ್ತಿದ್ದೆ. ಬೆಂಚಿನ ಮೇಲೆ ಬಸ್ಸಿನವರು, ಜೀಪಿನವರು, ಕಳಸದ ಕಡೆ ಹೋಗುವ ಭಕ್ತರು. ಗೋಡೆಯ ಮೊಳೆಯೊಂದರಲ್ಲಿ ಹಿತ್ತಾಳೆಯ ಲೋಟವೊಂದು ನೇತಾಡುತ್ತಿತ್ತು. ಅದು ಶ್ಯಾಮ ಭಟ್ಟರದು. ನಿವೃತ್ತ ಮೇಷ್ಟ್ರು, ಊರಿನ ಗುಡಿಯ ಪೂಜೆ ನೋಡಿಕೊಳ್ಳುವವರು. ಹೊರಗೆ ನೀರೂ ಮುಟ್ಟದ ಮನುಷ್ಯ, ತಮ್ಮದೇ ಲೋಟವನ್ನು ಅಲ್ಲಿ ತಂದಿಟ್ಟು, ದಿನಾ ಹತ್ತು ಗಂಟೆಗೆ ಬಂದು, ನಿಂತುಕೊಂಡೇ ಗಿರಿಜಕ್ಕನ ಕಾಫಿ ಕುಡಿದು, ತಾವೇ ತೊಳೆದು, ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದರು. ಗಿರಿಜಕ್ಕನಿಗೆ ಆ ಲೋಟವೇ ಬೋರ್ಡು. ಭಟ್ರು ಕುಡೀತಾರೆ ಎಂದ ಮೇಲೆ ಆ ಸೀಮೆಯಲ್ಲಿ ಯಾರೂ ಮುಂದೆ ಕೇಳುತ್ತಿರಲಿಲ್ಲ.

ನಾನು ಮಾತ್ರ ಕೇಳುತ್ತಿದ್ದೆ. ಪುಡಿ ಎಲ್ಲಿಯದು? ಬೀಜ ಯಾರ ತೋಟದ್ದು? ಗಿರಿಜಕ್ಕ ಪ್ರತಿ ಸಲವೂ ಒಂದೊಂದು ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದರು. ನನ್ನ ಟಿಪ್ಪಣಿ ಪುಸ್ತಕ ಕಂಡು ‘ಬರೆಯೋರು’ ಎಂದು ಹೆಸರಿಟ್ಟಿದ್ದರು. “ಬರೆಯೋರೆ, ಲೋಟ ಖಾಲಿಯಾದ್ರೆ ಏಳಿ, ಬೆಂಚಿಗೆ ಜನ ಕಾಯ್ತಾ ಉಂಟು” ಎನ್ನುವರು. ಮಾತು ಹೊರಡಿಸುವುದರಲ್ಲಿ ನನಗೆ ತರಬೇತಿಯಾಗಿತ್ತು. ಮೌನವಾಗಿ ಕಾಯುವುದು, ಗೊತ್ತಿರುವವನಂತೆ ತಲೆಯಾಡಿಸುವುದು, ನಮ್ಮ ಮನೆಯ ಕಷ್ಟವೊಂದನ್ನು ಮೊದಲು ಹೇಳಿಕೊಳ್ಳುವುದು. ಎಲ್ಲ ಪ್ರಯೋಗಿಸಿದೆ. ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲು ಹತ್ತಿದ ಒಂದು ದಿನ ಅವರು ಸೋತರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಹೋಟೆಲಿನ ಹಿಂದೆ ಕರೆದೊಯ್ದರು.

ಬೇಲಿ ದಾಟಿ ನೂರು ಹೆಜ್ಜೆ ಹೋದರೆ ತೋಟದ ಅಂಚಿನಲ್ಲಿ ಒಂದು ದೊಡ್ಡ ಅತ್ತಿಮರ. ಕೆಳಗೆ ಚೆನ್ನಮ್ಮ ಕೂತು ತರಗೆಲೆ ಸರಿಸಿ ಏನನ್ನೋ ಹೆಕ್ಕುತ್ತಿದ್ದಳು. ಬಾವಲಿಗಳು ರಾತ್ರಿ ತೋಟದ ಕಾಫಿ ಹಣ್ಣು ಕಿತ್ತು ತಂದು, ಆ ಮರದಲ್ಲಿ ಜೋತು ಬಿದ್ದು ಸಿಹಿ ಚೀಪಿ, ಬೀಜವನ್ನು ಕೆಳಗೆ ಉಗುಳುತ್ತವೆ. ಮಾಗಿದ್ದನ್ನು ಬಿಟ್ಟು ಬೇರೆ ಹಣ್ಣನ್ನು ಅವು ಮುಟ್ಟುವುದಿಲ್ಲ. ಕುಯ್ಯುವ ಆಳು ಗೊಂಚಲಿನಲ್ಲಿ ಹಸುರು ಕೆಂಪು ಎಲ್ಲ ಸೇರಿಸಿ ಉದುರಿಸುತ್ತಾನೆ, ಬಾವಲಿ ಹಾಗಲ್ಲ. ಆ ಬೀಜವನ್ನು ಹೆಕ್ಕಿಕೊಳ್ಳುವುದು ತೋಟದ ಹಳೆಯ ಹೆಂಗಸರಿಗೆ ಮೊದಲಿನಿಂದ ಬಂದ ಸಲಿಗೆ. ಯಾರೂ ಕೊಟ್ಟ ಹಕ್ಕಲ್ಲ. ತೋಟದ ಲೆಕ್ಕ ಬರೆಯುವ ರೈಟರು ಆ ಮರದ ಕಡೆ ಬಂದರೆ ಮುಖ ಆ ಕಡೆ ತಿರುಗಿಸಿ ಹೋಗುತ್ತಿದ್ದನಂತೆ, ಅಷ್ಟೇ. ಚೆನ್ನಮ್ಮ ಹೆಕ್ಕಿದ್ದನ್ನು ಗಿರಿಜಕ್ಕನಿಗೆ ಕೊಡುತ್ತಿದ್ದಳು, ಗಿರಿಜಕ್ಕ ಅವಳಿಗೆ ಎರಡು ಹೊತ್ತು ಊಟ ಹಾಕುತ್ತಿದ್ದರು.

ಮರದ ಕೆಳಗೆ ನಿಂತು ಗಿರಿಜಕ್ಕ ನನಗೇನೋ ಹೇಳಿದರು. ಏನು ಹೇಳಿದರು ಎಂಬುದು ಈ ಆರು ವರ್ಷ ನನ್ನನ್ನು ಕಾಡಿದೆ. ಒಂದು ನೆನಪಿನಲ್ಲಿ ಅವರು ನಗುತ್ತಾ “ಬರ್ಕೊಳ್ಳಿ, ನಂಗೆಂತ” ಎನ್ನುತ್ತಾರೆ. ಇನ್ನೊಂದರಲ್ಲಿ ಏನೂ ಹೇಳದೆ ಚೆನ್ನಮ್ಮನ ಬುಟ್ಟಿಗೆ ಕೈ ಹಾಕುತ್ತಾರೆ. ಮೂರನೆಯದರಲ್ಲಿ ಅವರ ಬಾಯಿ ಅಲ್ಲಾಡುತ್ತದೆ, ನನಗೆ ಮಾತು ಕೇಳುವುದಿಲ್ಲ. ಮೂರೂ ನಾನೇ ಕಟ್ಟಿಕೊಂಡಿದ್ದಿರಬಹುದು, ನೆನಪು ಇರುವುದೇ ಹಾಗೆ ಎಂದು ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ಆ ಪಾಠ ನನಗೆ ಒಳ್ಳೆಯ ನಿದ್ದೆ ಕೊಟ್ಟಿದೆ.

ಬರೆದೆ. ತಿರುವು, ಮರ, ಚೆನ್ನಮ್ಮನ ಮಾತು, ಲೋಟದ ಭಟ್ಟರು, ನಕಾಶೆಯ ಮೇಲೊಂದು ಗುರುತು. ವಾರದೊಳಗೆ ಅದು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಸಂಪಾದಕಿ ಹೂಗಳ ಚಿತ್ರ ಕಳಿಸಿದರು.

ಭಟ್ಟರಿಗೆ ಅದನ್ನು ಓದಿ ಹೇಳಿದ್ದು ಅವರ ಹಳೆಯ ಶಿಷ್ಯನೊಬ್ಬ, ಹೆಮ್ಮೆಯಿಂದ. ನಿಮ್ಮ ಬಗ್ಗೆಯೂ ಬರೆದಿದ್ದಾರೆ ಸಾರ್ ಎಂದು. ಮರುದಿನ ಹತ್ತು ಗಂಟೆಗೆ ಭಟ್ಟರು ಬಂದರಂತೆ. ಕಾಫಿ ಕೇಳಲಿಲ್ಲ. ಇದು ಹೌದಾ ಗಿರಿಜಾ ಎಂದರಂತೆ, ಗಿರಿಜಕ್ಕನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ಮೊಳೆಯಿಂದ ಲೋಟ ತೆಗೆದು, ಚೀಲದಲ್ಲಿ ಹಾಕಿಕೊಂಡು ಹೋದರು. ಬೈಯಲಿಲ್ಲ, ಯಾರಿಗೂ ದೂರಲಿಲ್ಲ. ಮೊಳೆ ಖಾಲಿಯಾಗಿದ್ದನ್ನು ಎಲ್ಲರೂ ನೋಡಿದರು, ಅಷ್ಟು ಸಾಕಾಯಿತು. ನಾನು ಅಧ್ಯಾಯಗಟ್ಟಲೆ ಓದಿದವನು. ಬಾವಲಿ ಉಗುಳಿದ ಬೀಜ ಎಂಬ ಮಾತು ಬೆಂಗಳೂರಿನವರಿಗೆ ರೋಮಾಂಚನ, ಬಾಳೂರಿನವರಿಗೆ ಎಂಜಲು ಎಂಬ ಒಂದು ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತು. ಇಲ್ಲಿಯೂ ನನಗೆ ಖಾತ್ರಿ ಇಲ್ಲ.

ನಾನು ಅಲ್ಲಿಗೆ ಹೋದಾಗ ಬೆಂಚಿನ ಮೇಲೆ ಊರಿನವರೊಬ್ಬರೂ ಇರಲಿಲ್ಲ. ರಸ್ತೆಯುದ್ದಕ್ಕೂ ಕಾರು. ತಂಪು ಕನ್ನಡಕ ಹಾಕಿದವರು ಬ್ಯಾಟ್ ಕಾಫಿ, ಬ್ಯಾಟ್ ಕಾಫಿ ಎನ್ನುತ್ತಾ ಒಲೆಯ ಹತ್ತಿರವೇ ಫೋನು ಹಿಡಿಯುತ್ತಿದ್ದರು. ಗಿರಿಜಕ್ಕ ಸೆರಗು ಮುಂದೆ ಎಳೆದುಕೊಂಡು ಲೋಟದ ಮೇಲೆ ಲೋಟ ತುಂಬಿಸುತ್ತಿದ್ದರು. ನನ್ನನ್ನು ನೋಡಿ ಬರೆಯೋರೆ ಎನ್ನಲಿಲ್ಲ. ವ್ಯಾಪಾರ ಜೋರಾಗಿದೆಯಲ್ಲ ಎಂದು ಹಮೀದನಿಗೆ ಹೇಳಿದೆ. ಅವನು ಸ್ಟಿಯರಿಂಗ್ ಮೇಲಿನ ಧೂಳು ಒರೆಸಿದ.

ಎರಡು ವಾರಕ್ಕೆ ತೋಟದ ರೈಟರು ಬಂದ. ಈ ಸಲ ಮುಖ ತಿರುಗಿಸಲಿಲ್ಲ. ತೋಟದ ಸಾವ್ಕಾರ್ರು ನನ್ನ ಲೇಖನ ಓದಿದ್ದರು. ಬಾಯಿಮಾತಿನಲ್ಲಿ ಇದ್ದಷ್ಟು ದಿನ ಅದು ಕಾಣದಂತೆ ಇರುವ ಸಲಿಗೆ, ಅಚ್ಚಾದ ಮೇಲೆ ಕಳ್ಳತನ. ಅತ್ತಿಮರದ ಸುತ್ತ ತಂತಿ ಬಂತು, ಕೆಳಗೆ ನೀಲಿ ಬಲೆ ಹಾಸಿದರು. ಇನ್ನು ಒಂದು ಬೀಜ ಹೊರಗೆ ಒಯ್ದರೆ ಕೆಲಸಕ್ಕೂ ಬರಬೇಡ ಎಂದು ಚೆನ್ನಮ್ಮನಿಗೆ ಹೇಳಿದರು. ಅವಳು ಮೊದಲಿನಂತೆ ಹೆಕ್ಕುತ್ತಲೇ ಇದ್ದಳು, ಬಲೆಯ ಮೇಲಿನದನ್ನು, ತೋಟಕ್ಕೆ.

ಗಿರಿಜಕ್ಕ ಅಂಗಡಿಯ ಪ್ಯಾಕೆಟ್ ಪುಡಿ ತಂದರು. ಕಾರಿನವರು ಕುಡಿದು, ಇದು ಅದಲ್ಲ, ಮೋಸ ಎಂದು ಫೋನಿನಲ್ಲಿ ಒಂದೊಂದು ನಕ್ಷತ್ರ ಒತ್ತಿ ಹೋದರು. ಊರಿನವರು ತಿರುಗಿ ಬರಲಿಲ್ಲ. ಈಗ ಪ್ಯಾಕೆಟ್ ಪುಡಿ ಎಂದು ಹೇಳಿದರೆ ಯಾರು ನಂಬುತ್ತಾರೆ? ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ ಮಾಡು ಕೈಯಾಡಿಸುವ ಹೊತ್ತಿಗೆ, ಅವರು ಹೆಂಚು ಸರಿಮಾಡಿಸಲಿಲ್ಲ. ಮಾಡಿಸಿಲ್ಲ ಎಂದರೆ ಇನ್ನು ತೆರೆಯುವುದಿಲ್ಲ ಎಂದರ್ಥ, ಅದನ್ನೂ ಹಮೀದನೇ ವಿವರಿಸಬೇಕಾಯಿತು. ಆ ದಿನ ಅವನು ನನ್ನನ್ನು ಕೊಟ್ಟಿಗೆಹಾರದಲ್ಲಿ ಇಳಿಸಿದ.

“ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದದ್ದು ನಾನು” ಅಂದ. “ಅದನ್ನ ಊರಲ್ಲಿ ಎಲ್ಲರೂ ನೆನಪಿಟ್ಕೊಂಡಿದ್ದಾರೆ ಮಾರಾಯ್ರೆ. ನೀವು ಹೋಗ್ತೀರಿ, ನಾನು ಇದೇ ರಸ್ತೇಲಿ ಓಡಾಡ್ಬೇಕು.”

ಮಳೆ ಹಿಡಿಯಿತು, ನನ್ನ ಕೆಲಸ ಮುಗಿಯಿತು. ನಾನು ಹೋದೆ.

ಇಷ್ಟೆಲ್ಲ ಆ ಕೆಫೆಯಲ್ಲಿ, ಸುಟ್ಟ ಕಾಫಿಯ ಮುಂದೆ ಕೂತು ನೆನೆದೆ. ಕೆಫೆ ಅದೇ ಸಾವ್ಕಾರ್ರದು, ಭರಣಿಯಲ್ಲಿ ಇರುವುದು ಅದೇ ಮರದ್ದು ಎಂದು ಬಿಲ್ಲು ತಂದವನೇ ಹೇಳಿದ. ರೊಟ್ಟಿ ಯಾರು ಮಾಡುವುದು ಎಂದು ಕೇಳಿದೆ. “ಹಿಂದೆ ಒಬ್ರು ಆಂಟಿ ಇದಾರೆ ಸಾರ್.” ಗೆಳೆಯರು ಮದುವೆಗೆ ಹೊತ್ತಾಯಿತು ಅನ್ನುತ್ತಿದ್ದರು. ನಾನು ಕಟ್ಟಡ ಸುತ್ತಿ ಹಿಂಬಾಗಿಲಿಗೆ ಹೋದೆ.

ಗಿರಿಜಕ್ಕನೇ. ಕೆಫೆಯ ಹೆಸರಿದ್ದ ಕಂದು ಏಪ್ರನ್ ಸೀರೆಯ ಮೇಲೆ. ನನ್ನನ್ನು ಗುರುತಿಸಲು ಅವರಿಗೆ ಒಂದು ಕ್ಷಣವೂ ಹಿಡಿಯಲಿಲ್ಲ.

“ಓ, ಬರೆಯೋರು” ಅಂದರು. ಕೈ ಹಿಟ್ಟು ತಟ್ಟುತ್ತಲೇ ಇತ್ತು.

ಚೆನ್ನಮ್ಮ ಹೇಗಿದ್ದಾಳೆ ಎಂದು ಕೇಳಿದೆ. ಹೋದ ವರ್ಷ ಹೋದಳು ಎಂದರು. ಅದಕ್ಕೆ ನಾನೇನೋ ಅಂದೆ, ಅವರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ನಾನು ಬಂದದ್ದು ಯಾವುದಕ್ಕೋ ಅದನ್ನೇ ಕೇಳಿದೆ.

“ಗಿರಿಜಕ್ಕ, ಅವತ್ತು ಮರದ ಕೆಳಗೆ ನೀವು ಬರೀಬೇಡಿ ಅಂದಿದ್ರಾ?”

ಅವರು ರೊಟ್ಟಿಯನ್ನು ಕಾವಲಿಯಿಂದ ಕೆಂಡಕ್ಕೆ ಜಾರಿಸಿದರು. ಅದು ಉಬ್ಬಿತು.

“ನಿಮ್ಗೆಂತ ನೆನಪುಂಟು?”

“ನಂಗೆ ಸರಿಯಾಗಿ ನೆನಪಿಲ್ಲ.”

“ನಂಗೂ ಇಲ್ಲ ಬಿಡಿ. ವರ್ಷ ಎಷ್ಟಾಯ್ತು.” ಅಂಚಿಗೆ ಮೂರು ಬೆರಳೊತ್ತಿ ಇನ್ನೊಂದನ್ನು ಕಾವಲಿಗೆ ಹಾಕಿದರು. “ನಿಮ್ಮ ಕೈಲಿ ಬುಕ್ಕಿತ್ತಲ್ಲ? ನಾನು ಕೆಮ್ಮಿದ್ರೂ ಗೀಚ್ಕೊಳ್ತಾ ಇದ್ರಿ. ಅದ್ರಲ್ಲಿ ನೋಡಿ, ಇರ್ಬೇಕು.”

ನಾನು ಹೊರಡಲು ತಿರುಗಿದಾಗ ಕೇಳಿದರು: “ಇಲ್ಲಿ ಕಾಫಿ ಕುಡಿದ್ರಾ? ಹ್ಯಾಗಿತ್ತು?”

“ಚೆನ್ನಾಗಿರ್ಲಿಲ್ಲ.”

ಆಗ ನಕ್ಕರು. ಹಳೆಯ ನಗುವೇ ಎಂದು ನಾನು ಪ್ರಮಾಣ ಮಾಡಲಾರೆ. “ಅದನ್ನ ಮಾತ್ರ ಬರೀಬೇಡಿ ಮಾರಾಯ್ರೆ. ಇದೊಂದು ಕೆಲ್ಸ ಉಂಟು ನಂಗೆ.”

ಹಾಗಾಗಿ ಇಲ್ಲಿ ಕೆಫೆಯ ಹೆಸರಿಲ್ಲ. ಗಿರಿಜಕ್ಕ ಎಂಬುದು ಅವರ ಹೆಸರಲ್ಲ, ಹಮೀದ್ ಹಮೀದನಲ್ಲ, ಮರ ಅತ್ತಿಮರವೂ ಅಲ್ಲ. ಇಷ್ಟು ಕಾಳಜಿ ಆರು ವರ್ಷ ತಡವಾಗಿ ಬಂದಿದೆ. ಅವರು ಬೇಡ ಅಂದಮೇಲೂ ಬರೆಯುತ್ತಿದ್ದೇನೆ.

ಮದುವೆಯಿಂದ ಬಂದವನು ಟಿಪ್ಪಣಿ ಪುಸ್ತಕ ಹುಡುಕಿದೆ. ಹುಡುಕಿದೆ ಎನ್ನುವುದು ತಪ್ಪು. ಅದು ಎಲ್ಲಿದೆ ಎಂದು ನನಗೆ ಯಾವಾಗಲೂ ಗೊತ್ತಿತ್ತು. ಅರ್ಧ ಪ್ರಬಂಧದ ಕಟ್ಟಿನ ಕೆಳಗೆ, ಕಪಾಟಿನ ಎರಡನೇ ಅರೆಯಲ್ಲಿ. ಮೂರು ಮನೆ ಬದಲಿಸಿದಾಗಲೂ ಅದನ್ನು ಹೊತ್ತು ತಂದಿದ್ದೇನೆ, ಒಮ್ಮೆಯೂ ತೆರೆದಿರಲಿಲ್ಲ. ತನ್ನ ನೆನಪನ್ನು ಅಷ್ಟೊಂದು ಅನುಮಾನಿಸುವ ಮನುಷ್ಯ, ಕೈಗೆಟಕುವಲ್ಲಿದ್ದ ಪುಸ್ತಕವನ್ನು ಆರು ವರ್ಷ ಯಾಕೆ ತೆರೆದು ನೋಡಲಿಲ್ಲ?

ಆ ದಿನದ ಪುಟದಲ್ಲಿ ಬೆಲ್ಲದ ಒಂದು ಕಲೆ. ಆ ಮರದ ಒರಟು ಚಿತ್ರ. ಚೆನ್ನಮ್ಮನ ಮಾತು, ಅವಳು ಆಡಿದ ಹಾಗೆಯೇ, ಇಸ್ತ್ರಿ ಮಾಡುವುದಕ್ಕೆ ಮುಂಚೆ. ಅದರ ಕೆಳಗೆ ನನ್ನ ದುಂಡು ಅಕ್ಷರದಲ್ಲಿ:

‘ಗಿ. ಬರೀಬೇಡಿ ಅಂದರು. ಎರಡು ಸಲ. ಭಟ್ರಿಗೆ ಗೊತ್ತಾದರೆ ಹೋಟೆಲು ಮುಚ್ಚಬೇಕು ಅಂದರು. ಲೇಖನವನ್ನು ಇಲ್ಲಿಂದಲೇ ಶುರು ಮಾಡಬಹುದು.’

ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ನೇರವಾಗಿದೆ.